ವಾಕ್ಯದ ಕೊನೆ ಕೇಳಿಸದೆ ಹೋದಾಗ

ಮೊದಮೊದಲು ನನಗೆ ಕೇಳಿಸದೆ ಹೋಗಿದ್ದು ವಾಕ್ಯಗಳ ಕೊನೆ.

ನಮ್ಮ ಚರ್ಚಿನ ಸಭೆಯ ಅಯ್ಯನವರದು, ಅಂದರೆ ಪಾದ್ರಿಗಳದು, ಒಳ್ಳೆಯ ಕಂಠ. ಪ್ರಸಂಗ ಮಾಡುವಾಗ ಮಾತನ್ನು ಎತ್ತರದಲ್ಲಿ ಶುರುಮಾಡುತ್ತಾರೆ. ಮನಸ್ಸಿಗೆ ತಟ್ಟಬೇಕಾದ ಜಾಗ ಬಂದಾಗ ದನಿ ಇಳಿಸುತ್ತಾರೆ. ಆದರೆ ನಮ್ಮ ಕನ್ನಡದಲ್ಲಿ ಮಾತಿನ ಜೀವ ಇರುವುದೇ ಕೊನೆಯಲ್ಲಿ, ಅಲ್ವಾ? ಬೇಕು, ಬೇಡ, ಇದೆ, ಇಲ್ಲ, ಆಯಿತು, ಆಗಲಿಲ್ಲ, ಎಲ್ಲವೂ ಕೊನೆಗೇ ಬರುತ್ತದೆ. "ಆಗ ಅಬ್ರಹಾಮನು ಮರುಪ್ರಶ್ನೆ ಮಾಡ..." ಅನ್ನುವವರೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಾಡಿದನೋ, ಮಾಡಲಿಲ್ಲವೋ ಅನ್ನುವುದು ಮಾತ್ರ ನನ್ನ ಬೆಂಚಿನವರೆಗೆ ಬರುತ್ತಿರಲಿಲ್ಲ.

ಇದು 2019ರ ಸುಮಾರಿನ ಮಾತು. ಆಗ ನನಗೆ 58 ವರ್ಷ. ಮೈಕ್ ಸರಿಯಿಲ್ಲ ಅಂದುಕೊಂಡೆ. ಈಗಿನವರು ಮಾತು ನುಂಗುತ್ತಾರೆ ಅಂದುಕೊಂಡೆ. ನನ್ನ ಕಿವಿಯ ಮೇಲೆ ನನಗೆ ಸಂಶಯವೇ ಬರಲಿಲ್ಲ. ಯಾಕೆಂದರೆ ನನಗೆ ದನಿ ಕೇಳಿಸುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಅಷ್ಟೇ. ಇವೆರಡೂ ಬೇರೆ ಬೇರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಹಾಗಾಗಿ ಕಣ್ಣಿನಿಂದ ಆರಾಧನೆ ಮಾಡುವುದನ್ನು ಕಲಿತುಬಿಟ್ಟೆ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ಸತ್ಯವೇದದ (ಬೈಬಲಿನ) ಅಧ್ಯಾಯ ಹೇಳಿದಾಗ ಪಕ್ಕದಲ್ಲಿ ಯಜಮಾನರ ಬೆರಳು ಯಾವ ಪುಟಕ್ಕೆ ಹೋಗುತ್ತದೆ ಅಂತ ನೋಡಿ ನಾನೂ ತಿರುವಿದೆ. ಜನ ನಕ್ಕಾಗ ಒಂದು ಕ್ಷಣ ತಡವಾಗಿ ನಕ್ಕೆ. ಪ್ರಾರ್ಥನೆ ಮುಗಿದಾಗ ಎಲ್ಲರ ಜೊತೆ ಆಮೆನ್ ಅಂದೆ. ಇದೊಂದು ಮಾತ್ರ ನನ್ನನ್ನು ಚುಚ್ಚುತ್ತಿತ್ತು. ಯಾವ ಪ್ರಾರ್ಥನೆಗೆ ಹಾಗೇ ಆಗಲಿ ಅಂತ ಹೇಳಿದೆ? ಯಾರಿಗೋಸ್ಕರ? ಕೇಳುವುದರಿಂದ ನಂಬಿಕೆ ಬರುತ್ತದೆ ಅಂತ ಪೌಲನು ರೋಮಾಪುರದವರಿಗೆ ಬರೆದ ಮಾತನ್ನು ಚಿಕ್ಕಂದಿನಿಂದ ಕೇಳುತ್ತ ಬಂದವಳು ನಾನು. ಹಾಗಾದರೆ ಕೇಳಿಸದವಳ ಗತಿ ಏನು ಅನ್ನುವ ಭಯ ಒಳಗೇ ಇತ್ತು. ಯಾರಿಗೂ ಹೇಳಲಿಲ್ಲ.

ಆಮೇಲೆ ಮಾಸ್ಕ್ ದಿನಗಳು ಬಂದವು. ಚರ್ಚು ಮತ್ತೆ ತೆರೆದಾಗ ಎಲ್ಲರ ಬಾಯಿಯೂ ಮುಚ್ಚಿತ್ತು. ಆವತ್ತು ನನಗೆ ಒಂದಕ್ಷರವೂ ಹತ್ತಲಿಲ್ಲ. ಇಷ್ಟು ದಿನ ಅರ್ಧ ಮಾತನ್ನು ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದೆ ಅಂತ ಆಗ ಗೊತ್ತಾಯಿತು. ಮಾಸ್ಕ್ ತುಟಿಯನ್ನೂ ಮುಚ್ಚುತ್ತದೆ, ಸ, ಶ, ತ ಥರದ ತೆಳು ದನಿಗಳನ್ನೂ ಮಂದ ಮಾಡುತ್ತದೆ. ನನ್ನ ಎರಡು ಊರುಗೋಲೂ ಒಟ್ಟಿಗೇ ಹೋದವು.

ಅಷ್ಟಾದರೂ ಪರೀಕ್ಷೆಗೆ ಹೋಗಲಿಲ್ಲ. ಹೋಗುವ ಹಾಗೆ ಮಾಡಿದ್ದು ಒಂದು ಭಾನುವಾರ. ಅದನ್ನು ಬರೆಯುವುದು ಈಗಲೂ ಕಷ್ಟ.

ಆರಾಧನೆ ಮುಗಿದು ಬಾಗಿಲ ಹತ್ತಿರ ಜನ ಗುಂಪಾಗಿ ನಿಂತಿದ್ದರು. ನನಗಿಂತ ಚಿಕ್ಕವಳಾದ ಒಬ್ಬಳು ಗೆಳತಿ ಹತ್ತಿರ ಬಂದು ನನ್ನ ಕೈ ಹಿಡಿದಳು. ಅವಳ ತಮ್ಮ ಬಹಳ ದಿನದಿಂದ ಕೆಲಸ ಹುಡುಕುತ್ತಿದ್ದ. ಪ್ರತಿ ವಾರ ಅವನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದೆವು. ಅವಳು ಮೆಲ್ಲಗೆ ಏನೋ ಹೇಳಿದಳು. ನನಗೆ ಕೇಳಿಸಿದ್ದು, "ತಮ್ಮ ಸೇರಿಕೊಂಡ ಅಕ್ಕಾ."

"ದೇವರಿಗೆ ಸ್ತೋತ್ರ! ಎಷ್ಟು ಒಳ್ಳೆ ಸುದ್ದಿ ಹೇಳಿದೆ!" ಅಂದೆ. ಜೋರಾಗಿಯೇ ಅಂದೆ.

ಅವಳು ಹೇಳಿದ್ದು, ತಮ್ಮ ತೀರಿಕೊಂಡ.

ಅವಳ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು, ಏನೋ ದೊಡ್ಡ ತಪ್ಪಾಗಿದೆ ಅಂತ. ಏನು ಅಂತ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಮಗಳು ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. ನಾನು ಗೆಳತಿಯನ್ನು ಅಪ್ಪಿಕೊಂಡು ಅತ್ತೆ. ಅವಳೂ ಅತ್ತಳು. ಆದರೆ ಆ ಸ್ತೋತ್ರ ಅನ್ನುವ ಮಾತು ಬಾಯಿಂದ ಹೊರಟಾಗಿತ್ತು.

ಮುಂದಿನ ವಾರವೇ ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ಕಿವಿಯೊಳಗೆ ನೋಡಿ ಗುಗ್ಗೆ ತೆಗೆದರು. ಕೆಲವರಿಗೆ ಅಷ್ಟಕ್ಕೇ ಸರಿಹೋಗುತ್ತದಂತೆ. ನನಗೆ ಹೋಗಲಿಲ್ಲ. (ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಯಾರಿಗಾದರೂ ಒಂದೆರಡು ದಿನದಲ್ಲೇ ಇದ್ದಕ್ಕಿದ್ದ ಹಾಗೆ ಒಂದು ಕಿವಿ ಕೇಳಿಸದೆ ಹೋದರೆ ಕಾಯಬೇಡಿ. ಅದು ತುರ್ತು. ಕೂಡಲೇ ಡಾಕ್ಟರಿಗೆ ತೋರಿಸಬೇಕು. ನನ್ನದು ನಿಧಾನವಾಗಿ ಬಂದದ್ದು.)

ಆಮೇಲೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಆಡಿಯಾಲಜಿಸ್ಟ್ ನನ್ನನ್ನು ಒಂದು ಚಿಕ್ಕ ಗಾಜಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದರು. ಕೈಗೊಂದು ಗುಂಡಿ ಕೊಟ್ಟರು. ಎಷ್ಟೇ ಸಣ್ಣ ಸದ್ದು ಕೇಳಿಸಿದರೂ ಒತ್ತಬೇಕು. ದಪ್ಪ ಸ್ವರಗಳಿಗೆ ಪಟಪಟ ಒತ್ತಿದೆ. ಸ್ವರ ತೆಳ್ಳಗಾದ ಹಾಗೆ ಸುಮ್ನೆ ಕೂತೆ. ಕೋಣೆಯಲ್ಲಿ ನಿಶ್ಶಬ್ದ. ಗಾಜಿನ ಆಚೆ ಅವರ ಕೈ ಮಾತ್ರ ಮಷೀನಿನ ಮೇಲೆ ಆಡುತ್ತಲೇ ಇತ್ತು. ಸದ್ದು ಬರುತ್ತಿದೆ, ನನಗೆ ಕೇಳಿಸುತ್ತಿಲ್ಲ ಅಂತ ಅವರ ಕೈ ನೋಡಿಯೇ ತಿಳಿಯಿತು.

ಆಡಿಯೋಗ್ರಾಮ್ ಅನ್ನುವ ಆ ಹಾಳೆ ಇವತ್ತಿಗೂ ನನ್ನ ಸತ್ಯವೇದದೊಳಗೆ ಇದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು. ಹಾಳೆಯ ಎಡಕ್ಕೆ ದಪ್ಪ ಸ್ವರ, ಬಲಕ್ಕೆ ತೆಳು ಸ್ವರ. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ. ಎಡಕ್ಕೆ 250 ಹರ್ಟ್ಸ್ ಹತ್ತಿರ ಎರಡೂ ಗೆರೆ ಮೇಲೆಯೇ ಇವೆ. 2000 ದಾಟಿದ ಮೇಲೆ ಇಳಿಜಾರು. 4000ದ ಹತ್ತಿರ 60 ಡೆಸಿಬೆಲ್‌ಗೂ ಕೆಳಗೆ. ಆಡಿಯಾಲಜಿಸ್ಟ್ ಆ ಇಳಿಜಾರಿನ ಮೇಲೆ ಪೆನ್ನಿಟ್ಟು ಹೇಳಿದರು: "ಅಮ್ಮ, ಅ, ಆ, ಒ, ಓ ಇವೆಲ್ಲ ಈ ಎಡಗಡೆ ಇರುತ್ತವೆ. ಅದಕ್ಕೇ ನಿಮಗೆ ದನಿ ಕೇಳಿಸುತ್ತದೆ. ಸ, ಶ, ತ, ಕ, ಇವುಗಳ ಗುರುತು ಹತ್ತುವುದು ಈ ಬಲಗಡೆ. ಮಾತಿಗೆ ಆಕಾರ ಕೊಡುವುದು ಇವು. ಇವು ನಿಮಗೆ ಸಿಗುತ್ತಿಲ್ಲ."

ತೀರಿಕೊಂಡ, ಸೇರಿಕೊಂಡ. ನನಗೆ ಕೇಳಿಸಿದ್ದು ಬರೀ ಅ, ಇ, ಒ ಥರದ ಸ್ವರಗಳು, ಅವೂ ಮಸುಕಾಗಿ. ಉಳಿದದ್ದನ್ನು ನನ್ನ ಮನಸ್ಸೇ ತುಂಬಿಕೊಂಡಿತ್ತು. ಎಷ್ಟೋ ದಿನದಿಂದ ಯಾವ ಸುದ್ದಿಗಾಗಿ ಕಾಯುತ್ತಿದ್ದೆನೋ ಅದನ್ನೇ ತುಂಬಿಕೊಂಡಿತ್ತು.

ಒಳಗಿವಿಯಲ್ಲಿ ಶಂಖದ ಹಾಗೆ ಸುತ್ತಿದ ಒಂದು ಭಾಗ ಇದೆ. ಅದರಲ್ಲಿ ಹುಟ್ಟುವಾಗ ಕೂದಲಿನಂಥ ಎಳೆಗಳಿರುವ ಸುಮಾರು 16,000 ಜೀವಕಣಗಳು ಇರುತ್ತವಂತೆ. ತೆಳು ಸ್ವರಗಳನ್ನು ಹಿಡಿಯುವ ಕಣಗಳು ಆ ಶಂಖದ ಬಾಗಿಲಲ್ಲೇ ಇವೆ. ವಯಸ್ಸಾದ ಹಾಗೆ ಮೊದಲು ಸವೆಯುವುದು ಅವೇ. ಹೋದವು ಮತ್ತೆ ಹುಟ್ಟುವುದಿಲ್ಲ. ಇದನ್ನು ಕೇಳಿ ನನಗೆ ಅಳು ಬಂತು, ಜೊತೆಗೇ ಒಂದು ಥರ ಹಗುರವೂ ಆಯಿತು. ನನ್ನ ಗಮನ ಕೆಟ್ಟಿರಲಿಲ್ಲ, ಭಕ್ತಿ ಕಡಿಮೆಯಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಲೋಕದಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಮಟ್ಟದ ಕಿವುಡು ಇದೆ. ಪ್ರತಿ ಸಭೆಯಲ್ಲೂ ನನ್ನಂಥವರು ಇರಲೇಬೇಕು.

ಎರಡು ಕಿವಿಗೂ ಮಷೀನ್ ಬಂತು. ಮನೆಯಲ್ಲಿ ಮೊದಲ ದಿನ ಸತ್ಯವೇದ ತೆರೆದರೆ ಪುಟ ಚರಚರ ಅಂದಿತು. ಆ ತೆಳು ಕಾಗದಕ್ಕೆ ಸದ್ದಿದೆ ಅನ್ನುವುದೇ ಮರೆತುಹೋಗಿತ್ತು. ಇನ್ನು ಭಾನುವಾರ ಎಲ್ಲ ಸರಿಹೋಗುತ್ತದೆ ಅಂತ ಎಷ್ಟು ಆಸೆ ಇಟ್ಟುಕೊಂಡು ಹೋದೆನೋ.

ಆ ಭಾನುವಾರ ನರಕ. ಬೇರೆ ಪದ ಸಿಗುತ್ತಿಲ್ಲ. ಫ್ಯಾನ್ ಸದ್ದು ಮಳೆ ಸುರಿದ ಹಾಗೆ. ಯಾರೋ ಬೆಂಚು ಎಳೆದರೆ ತಲೆಯೊಳಗೇ ಎಳೆದ ಹಾಗೆ. ಮಗುವೊಂದು ಅತ್ತಾಗ ನಾನು ಬೆಚ್ಚಿಬಿದ್ದೆ. ಅಯ್ಯನವರ ದನಿ ಮೊದಲಿಗಿಂತ ಜೋರಾಗಿತ್ತು, ಆದರೆ ಕಲಸಿಹೋಗಿತ್ತು. ಒಂದು ಮಾತಿನ ಮೇಲೆ ಇನ್ನೊಂದು ಬಿದ್ದ ಹಾಗೆ. ಕೀಬೋರ್ಡ್‌ನವರು ಒಂದು ಸ್ವರವನ್ನು ಉದ್ದಕ್ಕೆ ಹಿಡಿದರೆ ಅದು ನನ್ನ ಕಿವಿಯಲ್ಲಿ ನಡುಗಿ ಅಲೆಅಲೆಯಾಗುತ್ತಿತ್ತು. ಎರಡನೆಯ ಕೀರ್ತನೆ ಮುಗಿಯುವಷ್ಟರಲ್ಲಿ ಎರಡನ್ನೂ ಕಿತ್ತು ಚೀಲಕ್ಕೆ ಹಾಕಿದೆ. ಮನೆಗೆ ಬಂದು ಮಧ್ಯಾಹ್ನವಿಡೀ ಮಲಗಿದೆ.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮಷೀನ್ ಡಬ್ಬಿಗೆ ಹೋಗುತ್ತದೆ, ಮನುಷ್ಯ ಚರ್ಚಿಗೆ ಹೋಗುವುದನ್ನು ನಿಧಾನಕ್ಕೆ ಬಿಡುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಹಾಳೆಯಲ್ಲಿ ಎಲ್ಲ ತೊಂದರೆಯನ್ನೂ ಬರೆದುಕೊಂಡು ಮತ್ತೆ ಆಡಿಯಾಲಜಿಸ್ಟ್ ಹತ್ತಿರ ಹೋದೆ. ಅವರು ಬೈಯಲಿಲ್ಲ, ನಗಲಿಲ್ಲ. ಒಂದೊಂದಾಗಿ ಬಿಡಿಸಿ ಹೇಳಿದರು.

ವರ್ಷಗಟ್ಟಲೆ ಕೇಳದ ಸದ್ದಿಗೆ ಮಿದುಳು ಮತ್ತೆ ಒಗ್ಗಬೇಕು. ಅದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮಧ್ಯಾಹ್ನ ಮಲಗಿದ್ದು ಸೋಮಾರಿತನವಲ್ಲ, ಕಿವಿಗೆ ಸಿಗದ್ದನ್ನು ಮಿದುಳು ಊಹಿಸಿ ಊಹಿಸಿ ದಣಿದದ್ದು. ಕೀಬೋರ್ಡ್ ಸ್ವರ ನಡುಗಿದ್ದಕ್ಕೂ ಕಾರಣ ಇತ್ತು. ಮಷೀನ್ ತಾನೇ ಸೀಟಿ ಹೊಡೆಯದ ಹಾಗೆ ತಡೆಯುವ ವ್ಯವಸ್ಥೆ ಅದರೊಳಗೆ ಇರುತ್ತದೆ. ಉದ್ದಕ್ಕೆ ಹಿಡಿದ ವಾದ್ಯದ ಸ್ವರವನ್ನೂ ಅದು ಸೀಟಿ ಅಂದುಕೊಂಡು ಅಳಿಸಲು ಹೋಗುತ್ತದೆ. ಸಂಗೀತಕ್ಕೆ ಅಂತ ಬೇರೆ ಪ್ರೋಗ್ರಾಮ್ ಹಾಕಿಕೊಟ್ಟರು. ಈಗ ಹಾಡು ಶುರುವಾದರೆ ಗುಂಡಿ ಒಂದು ಸಲ ಒತ್ತುತ್ತೇನೆ, ಮುಗಿದಾಗ ಮತ್ತೆ ಒತ್ತುತ್ತೇನೆ.

ದೊಡ್ಡ ವಿಷಯ ಬೇರೆಯೇ ಇತ್ತು. ಕಿವಿ ಮಷೀನ್ ಚೆನ್ನಾಗಿ ಕೆಲಸ ಮಾಡುವುದು ಒಂದೆರಡು ಮೀಟರ್ ದೂರದ ಮಾತಿಗೆ. ದೂರ ಎರಡು ಪಟ್ಟಾದಾಗೆಲ್ಲ ಬಾಯಿಂದ ನೇರವಾಗಿ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಫ್ಯಾನ್ ಸದ್ದು ಇಳಿಯುವುದಿಲ್ಲ. ಪ್ರತಿಧ್ವನಿಯೂ ಇಳಿಯುವುದಿಲ್ಲ. ಮಷೀನ್ ಪಾಪ ಎಲ್ಲವನ್ನೂ ಸೇರಿಸಿ ದೊಡ್ಡದು ಮಾಡುತ್ತದೆ. ಎತ್ತರದ ಛಾವಣಿ, ಕಲ್ಲಿನ ಗೋಡೆ, ಬರಿಯ ನೆಲ, ಗಾಜಿನ ಕಿಟಕಿ ಇರುವ ಚರ್ಚು ಹಾಡಿಗೆ ಎಷ್ಟು ಚೆನ್ನವೋ ಮಾತಿಗೆ ಅಷ್ಟು ಕಷ್ಟ.

ಇದನ್ನು ನಾನೇ ಪರೀಕ್ಷೆ ಮಾಡಿ ನೋಡಿದೆ. ವಾರದ ಮಧ್ಯೆ ಒಂದು ದಿನ ಖಾಲಿ ಚರ್ಚಿಗೆ ಹೋಗಿ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿದೆ. ಸದ್ದು ಮೇಲಕ್ಕೆ ಹೋಯಿತು, ಹಿಂದಿನ ಗೋಡೆಗೆ ಹೋಯಿತು, ಮತ್ತೆ ಬಂತು. ಮನಸ್ಸಿನಲ್ಲೇ ಒಂದು, ಎರಡು ಅಂತ ಎಣಿಸುವವರೆಗೂ ಅದು ಅಲ್ಲೇ ಸುಳಿದಾಡುತ್ತಿತ್ತು. ಮಾತು ಸ್ಪಷ್ಟವಾಗಿ ತಿಳಿಯಬೇಕಾದರೆ ಒಂದು ಸೆಕೆಂಡಿನೊಳಗೆ ಅಡಗಬೇಕಂತೆ. ನಾವು ಸೆಕೆಂಡಿಗೆ ನಾಲ್ಕೈದು ಅಕ್ಷರ ಆಡುತ್ತೇವೆ. ಅಂದರೆ ಒಂದು ಪದದ ಬಾಲ ಮುಂದಿನ ಎರಡು ಮೂರು ಪದಗಳ ಮೇಲೆ ಹರಡಿಕೊಂಡಿರುತ್ತದೆ. ಜನ ತುಂಬಿದಾಗ ಬಟ್ಟೆ, ಮೈ ಎಲ್ಲ ಸದ್ದನ್ನು ಹೀರಿ ಸ್ವಲ್ಪ ವಾಸಿ. ಆದರೂ ಇಷ್ಟು ದಿನ ಯಾರನ್ನೋ ಬೈದುಕೊಳ್ಳುತ್ತಿದ್ದೆನಲ್ಲ, ಅದರಲ್ಲಿ ಅರ್ಧ ಪಾಲು ಗೋಡೆಗಳದ್ದಾಗಿತ್ತು.

ಮೊದಲು ನನ್ನ ಕೈಲಿದ್ದದ್ದನ್ನು ಸರಿಮಾಡಿಕೊಂಡೆ. ಜಾಗ ಬದಲಾಯಿಸಿದೆ. ಮದುವೆಯಾದಾಗಿನಿಂದ ಕೂರುತ್ತಿದ್ದ ಹಿಂದಿನ ಬೆಂಚು ಬಿಡುವುದು ಸುಲಭವಿರಲಿಲ್ಲ. ತೀರಾ ಮುಂದಿನ ಸಾಲೇ ಒಳ್ಳೆಯದು ಅಂದುಕೊಂಡಿದ್ದೆ, ಅದೂ ಸರಿಯಾಗಲಿಲ್ಲ. ಸ್ಪೀಕರ್‌ಗಳು ಹಿಂದಿನವರ ಕಡೆ ಮುಖ ಮಾಡಿದ್ದವು. ಮೊದಲ ಸಾಲಿನವರ ತಲೆಯ ಮೇಲಿಂದ ದನಿ ಹಾದುಹೋಗುತ್ತಿತ್ತು. ನಾಲ್ಕು ಭಾನುವಾರ ನಾಲ್ಕು ಕಡೆ ಕೂತು ಕೊನೆಗೆ ಮೂರನೆಯ ಸಾಲಿನ ಎಡತುದಿ ಸಿಕ್ಕಿತು. ಅಲ್ಲಿ ಸ್ಪೀಕರ್ ನೇರಕ್ಕಿದೆ. ನನ್ನ ಮಂದವಾದ ಕಿವಿ ಗೋಡೆಯ ಕಡೆ, ಚುರುಕಾದ ಕಿವಿ ಸಭೆಯ ಕಡೆ. ಅಯ್ಯನವರ ಮುಖದ ಮೇಲೆ ಬೆಳಕು ಬೀಳುವುದು ಕಾಣಿಸುತ್ತದೆ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ, ಅದನ್ನೂ ನೋಡಿಕೊಳ್ಳಬೇಕು.

ತುಟಿಯ ಮೇಲೆ ಪೂರ್ತಿ ಭಾರ ಹಾಕುವ ಹಾಗೂ ಇಲ್ಲ. ಕನ್ನಡಿ ಮುಂದೆ ನಿಂತು ದನಿ ಮಾಡದೆ ಪಾಪ, ಬಾಬ, ಮಾಮ ಅಂತ ಹೇಳಿ ನೋಡಿ. ಮೂರೂ ಒಂದೇ ಥರ ಕಾಣುತ್ತವೆ. ಕ, ಗ ಅಂತೂ ಗಂಟಲಲ್ಲೇ ಉಳಿಯುತ್ತವೆ.

ಇಷ್ಟಾದ ಮೇಲೂ ಉಳಿದದ್ದು ನನ್ನ ಕೈಮೀರಿದ ಭಾಗ. ಅದಕ್ಕೆ ಅಯ್ಯನವರಿಗೆ ಹೇಳಲೇಬೇಕಿತ್ತು. ಹೇಳಲು ಎರಡು ತಿಂಗಳು ತೆಗೆದುಕೊಂಡೆ. ನಿಮ್ಮ ಪ್ರಸಂಗ ನನಗೆ ತಿಳಿಯುತ್ತಿಲ್ಲ ಅಂತ ದೇವರ ಸೇವಕರ ಮುಂದೆ ಹೇಗೆ ಹೇಳುವುದು? ಕೊನೆಗೆ ಒಂದು ಸಂಜೆ ಆಡಿಯೋಗ್ರಾಮ್ ಹಾಳೆಯನ್ನೇ ಹಿಡಿದುಕೊಂಡು ಹೋದೆ.

"ಅಯ್ಯಾ, ನನಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ. ಮೂರು ವರ್ಷದಿಂದ ನಿಮ್ಮ ಪ್ರಸಂಗ ಅರ್ಧವೇ ನನಗೆ ಸಿಗುತ್ತಿದೆ" ಅಂದೆ.

ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಇಷ್ಟು ದಿನ ಯಾಕಮ್ಮಾ ಹೇಳಲಿಲ್ಲ?" ಅಂದರು. ಆಮೇಲೆ, "ನಾನು ಏನು ಮಾಡಬೇಕು, ಹೇಳಿ" ಅಂದರು. ಸಮಾಧಾನದ ಮಾತು ಆಡಬಹುದಿತ್ತು, ನಿಮಗಾಗಿ ಪ್ರಾರ್ಥನೆ ಮಾಡುತ್ತೇನೆ ಅಂತ ಹೇಳಿ ಕಳಿಸಬಹುದಿತ್ತು. ಪ್ರಾರ್ಥನೆಯನ್ನೂ ಮಾಡಿದರು, ನಿಜ. ಆದರೆ ಮೊದಲು ಕೇಳಿದ್ದು ಏನು ಮಾಡಬೇಕು ಅಂತ.

ನಾನು ಕೇಳಿದ್ದು ಮೂರು. ಪ್ರಸಂಗಪೀಠ ಬಿಟ್ಟು ಮುಂದೆ ಬಂದಾಗ ಮೈಕ್ ದೂರವಾಗುತ್ತದೆ, ಹಾಗಾಗದ ಹಾಗೆ ಕಾಲರ್ ಮೈಕ್ ಹಾಕಿಕೊಳ್ಳಬೇಕು. ಅಧ್ಯಾಯ, ವಚನ ಎರಡು ಸಲ ಹೇಳಬೇಕು. ಪ್ರಸಂಗದ ಮುಖ್ಯ ಅಂಶ ಇರುವ ಒಂದು ಪುಟವನ್ನು ಹಿಂದಿನ ದಿನವೇ ಕೊಡಬೇಕು. ಮೂರಕ್ಕೂ ಒಪ್ಪಿದರು. ಆ ಒಂದು ಪುಟ ಎಷ್ಟು ಸಹಾಯ ಮಾಡುತ್ತದೆ ಅಂತ ಹೇಳಿದರೆ ನಂಬುವುದಿಲ್ಲ. ಶನಿವಾರ ರಾತ್ರಿ ಓದಿಕೊಂಡಿದ್ದರೆ ಭಾನುವಾರ ಕೇಳಿಸುವ ಮಾತು ತಾನಾಗಿಯೇ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ನನ್ನನ್ನು ದಾರಿ ತಪ್ಪಿಸಿದ್ದ ಅದೇ ಊಹೆ ಈಗ ನನ್ನ ಕಡೆ ಕೆಲಸ ಮಾಡುತ್ತದೆ.

ಮೈಕ್ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕು. ಸಾಕ್ಷಿ ಹೇಳಲು ಬರುವವರು, ಪ್ರಕಟಣೆ ಓದುವವರು ಮೈಕ್ ಪಕ್ಕಕ್ಕಿಟ್ಟು "ನನ್ನ ದನಿ ಗಟ್ಟಿಯಾಗಿದೆ, ಇದು ಬೇಡ" ಅನ್ನುತ್ತಾರೆ. ಎಲ್ಲರಿಗೂ ಕೇಳಿಸುತ್ತಾ ಅಂತ ಕೇಳುತ್ತಾರೆ. ಕೇಳಿಸಿದವರು ಹೂಂ ಅನ್ನುತ್ತಾರೆ. ಕೇಳಿಸದವರಿಗೆ ಆ ಪ್ರಶ್ನೆಯೇ ಕೇಳಿಸಿರುವುದಿಲ್ಲ. ಕೂಗಿದರೆ ಸ್ವರಗಳು ಜೋರಾಗುತ್ತವೆ, ಸ, ತ, ಕ ಅಲ್ಲೇ ಉಳಿಯುತ್ತವೆ. ಅದರಿಂದ ನನ್ನಂಥವರಿಗೆ ಉಪಯೋಗವಿಲ್ಲ. ಮೈಕ್ ಬಾಯಿಗೆ ಒಂದು ಗೇಣಿನೊಳಗೆ ಇರಲಿ, ತುಟಿ ಮುಚ್ಚದ ಹಾಗೆ ಸ್ವಲ್ಪ ಕೆಳಗಿರಲಿ. ಇದು ನನ್ನ ಬೇಡಿಕೆ, ಕೈಮುಗಿದು ಕೇಳುತ್ತೇನೆ.

ಮುಂದಿನ ಭಾನುವಾರ ಅಯ್ಯನವರು ನನ್ನ ಅನುಮತಿ ಕೇಳಿಕೊಂಡು, ನನ್ನ ಹೆಸರು ಹೇಳದೆ, ಕೇಳಿಸುವುದು ಕಷ್ಟವಾಗುತ್ತಿರುವವರು ಹೇಳಿ, ಸಂಕೋಚ ಬೇಡ ಅಂತ ಪ್ರಕಟಣೆಯಲ್ಲಿ ಹೇಳಿದರು. ಒಬ್ಬಿಬ್ಬರು ಬರಬಹುದು ಅಂದುಕೊಂಡಿದ್ದೆ. ತಿಂಗಳೊಳಗೆ 11 ಜನ ಬಂದು ಹೇಳಿದರು. ಅವರಲ್ಲಿ ಒಬ್ಬರು ಸಭೆಯ ಹಿರಿಯರು. ವರ್ಷಗಳಿಂದ ಕಾಣಿಕೆ ಎತ್ತುತ್ತ ಬಂದವರು, ಅವರೂ ನನ್ನ ಹಾಗೆ ಬೇರೆಯವರನ್ನು ನೋಡಿಕೊಂಡು ಎದ್ದು ಕೂರುತ್ತಿದ್ದರಂತೆ. ಇನ್ನೊಬ್ಬಳು ಇಪ್ಪತ್ತರ ಹುಡುಗಿ. ಇದು ಮುದುಕರ ಕಷ್ಟ ಅಂತ ನಾನೇ ಅಂದುಕೊಂಡಿದ್ದೆನಲ್ಲ.

ಸಭೆಯವರು ಕೂತು ಮಾತಾಡಿ ಲೂಪ್ ಹಾಕಿಸುವುದು ಅಂತ ತೀರ್ಮಾನವಾಯಿತು. ಲೂಪ್ ಅಂದರೆ ನಾವು ಕೂರುವ ಜಾಗದ ಸುತ್ತ ನೆಲದಲ್ಲಿ ಹಾಯಿಸುವ ಒಂದು ತಂತಿ. ಮೈಕಿನ ದನಿ ಒಂದು ಆಂಪ್ಲಿಫೈಯರ್ ಮೂಲಕ ಆ ತಂತಿಯಲ್ಲಿ ಕರೆಂಟಾಗಿ ಹರಿಯುತ್ತದೆ. ಅದರಿಂದ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಕಿವಿ ಮಷೀನಿನೊಳಗೆ ಟೆಲಿಕಾಯಿಲ್ ಅನ್ನುವ ಪುಟ್ಟ ತಾಮ್ರದ ಸುರುಳಿ ಇದ್ದರೆ ಅದು ಆ ಕ್ಷೇತ್ರವನ್ನು ಹಿಡಿದು ಮತ್ತೆ ದನಿ ಮಾಡುತ್ತದೆ. ಮೈಕಿನಿಂದ ನೇರ ಕಿವಿಗೆ. ಮಧ್ಯೆ ಗಾಳಿ ಇಲ್ಲ, ಗೋಡೆ ಇಲ್ಲ, ಫ್ಯಾನ್ ಇಲ್ಲ. ಹೊಸದೇನೂ ಅಲ್ಲ ಇದು. ಬ್ರಿಟನ್ನಿನ ಜೋಸೆಫ್ ಪೋಲಿಯಾಕಾಫ್ 1937ರಲ್ಲೇ ಇದಕ್ಕೆ ಪೇಟೆಂಟ್ ಮಾಡಿಸಿದ್ದರು. ಈಗ ಬ್ಲೂಟೂತ್‌ನಲ್ಲಿ ಒಂದೇ ದನಿಯನ್ನು ಹಲವರ ಮಷೀನಿಗೆ ಒಟ್ಟಿಗೆ ಕಳಿಸುವ ಆರಾಕಾಸ್ಟ್ ಅನ್ನುವುದು ಬಂದಿದೆ, 2022ರಲ್ಲಿ ಆ ಹೆಸರು ಕೊಟ್ಟರು. ಅದು ಹಿಡಿಯುವ ಮಷೀನ್ ಇದ್ದವರಿಗೆ ಅದೂ ಒಂದು ದಾರಿ. ನಮ್ಮಲ್ಲಿ ಹೆಚ್ಚಿನವರ ಮಷೀನಿನಲ್ಲಿ ಇದ್ದದ್ದು ಟೆಲಿಕಾಯಿಲ್. ಮಷೀನ್ ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಿ. ತೀರಾ ಚಿಕ್ಕ ಮಷೀನುಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ಇದ್ದರೂ ಆಡಿಯಾಲಜಿಸ್ಟ್ ಅದನ್ನು ಚಾಲೂ ಮಾಡಿಕೊಡಬೇಕು. ನನ್ನದರಲ್ಲಿ ಮೊದಲ ದಿನದಿಂದಲೂ ಇತ್ತು. ಸುಮ್ನೆ ಮಲಗಿತ್ತು.

ತಂತಿ ಹಾಕಿದ ಮೇಲೆ ಸೌಂಡ್ ನೋಡಿಕೊಳ್ಳುವ ಹುಡುಗ ಶನಿವಾರ ನನ್ನನ್ನು ಕರೆದ. "ಆಂಟಿ, ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ, ನಾನು ಮಾತಾಡ್ತೀನಿ" ಅಂತ ಮೈಕ್ ಹತ್ತಿರ ಹೋದ. ಗುಂಡಿ ಒತ್ತಿ ಟಿ, ಅಂದರೆ ಟೆಲಿಕಾಯಿಲ್, ಪ್ರೋಗ್ರಾಮಿಗೆ ಹಾಕಿದೆ. ಮೊದಲು ಒಂದು ಸಣ್ಣ ಗುಂಯ್ ಅನ್ನುವ ಸದ್ದು. ಆಮೇಲೆ ಎಲ್ಲ ಮಾಯ. ಫ್ಯಾನ್ ತಿರುಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಸದ್ದಿರಲಿಲ್ಲ. ಆ ಮೌನದೊಳಗೆ ಅವನು ಬಾಯಿ ತೆರೆಯುವ ಮೊದಲು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಷ್ಟು ದೂರದ ಮನುಷ್ಯನ ಉಸಿರು. ಆಮೇಲೆ ಅವನು ಇಪ್ಪತ್ತಮೂರನೆಯ ಕೀರ್ತನೆ ಓದಿದ. ಪ್ರತಿ ಮಾತಿನ ಕೊನೆಯೂ ಬಂತು. ನಾನು ಕೈ ಎತ್ತಿ ಸರಿಯಾಗಿದೆ ಅಂತ ತೋರಿಸಬೇಕಿತ್ತು. ಆಗಲಿಲ್ಲ. ಅವನು ಓಡಿಬಂದು, "ಕೇಳಿಸ್ತಿಲ್ವಾ ಆಂಟಿ?" ಅಂದ. ತಲೆ ಅಲ್ಲಾಡಿಸಿ ಅವನ ಕೈ ಹಿಡಿದುಕೊಂಡೆ.

ಒಂದು ತಿಂಗಳಾದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ಪ್ರಾರ್ಥನೆಯ ಹೊತ್ತಿಗೆ ಮಾತ್ರ ದನಿ ಸಣ್ಣದಾಗುತ್ತಿತ್ತು. ಮೈಕ್ ಅದೇ, ಜಾಗ ಅದೇ. ಕಾರಣ ನನ್ನ ತಲೆ. ಸುರುಳಿಯನ್ನು ಮಷೀನಿನಲ್ಲಿ ನೆಟ್ಟಗೆ ನಿಲ್ಲಿಸಿರುತ್ತಾರೆ. ತಲೆ ಜಾಸ್ತಿ ಬಗ್ಗಿಸಿದರೆ ಸುರುಳಿಯೂ ವಾಲಿ ಹಿಡಿತ ಕಡಿಮೆಯಾಗುತ್ತದೆ. ಈಗ ಪ್ರಾರ್ಥನೆಯಲ್ಲಿ ತಲೆ ನೆಟ್ಟಗಿಟ್ಟುಕೊಳ್ಳುತ್ತೇನೆ. ಕಣ್ಣನ್ನೂ ಮುಚ್ಚುವುದಿಲ್ಲ, ತುಟಿ ಕಾಣಬೇಕು. ಮೊದಲು ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೋ ಅನ್ನಿಸುತ್ತಿತ್ತು. ಈಗ ಯಾರಿಗಾಗಿ ಪ್ರಾರ್ಥನೆ ನಡೆಯುತ್ತಿದೆ ಅಂತ ನನಗೆ ಗೊತ್ತು. ಆ ಆಮೆನ್ ನನ್ನದು.

ಎಲ್ಲವೂ ಸರಿಹೋಗಿಲ್ಲ. ಟಿಗೆ ಹಾಕಿದರೆ ಪಕ್ಕದವರ ಪಿಸುಮಾತು ಕೇಳಿಸುವುದಿಲ್ಲ, ಯಜಮಾನರು ಈಗ ಚೀಟಿ ಬರೆಯುತ್ತಾರೆ. ಮೈಕ್ ಇಲ್ಲದೆ ಬೆಂಚಿನಿಂದಲೇ ಎದ್ದು ಪ್ರಾರ್ಥನೆ ಮಾಡುವವರ ಮಾತು ಲೂಪಿಗೆ ಬರುವುದಿಲ್ಲ. ಅದಕ್ಕೆ ಒಬ್ಬರು ಮೈಕ್ ಹಿಡಿದು ಓಡಾಡಬೇಕು, ಕೆಲವೊಮ್ಮೆ ಮರೆಯುತ್ತಾರೆ. ಕರ್ತನ ಭೋಜನದ ಸಂಸ್ಕಾರದಲ್ಲಿ ರೊಟ್ಟಿ, ಪಾತ್ರೆ ಕೊಡುವಾಗ ಮೆಲ್ಲಗೆ ಹೇಳುವ ಮಾತನ್ನು ತುಟಿಯಲ್ಲೇ ಓದುತ್ತೇನೆ, ಬಾಯಿಪಾಠ ಆದದ್ದರಿಂದ ಅದು ಕಷ್ಟವಿಲ್ಲ. ಮಾತನ್ನು ಅಕ್ಷರವಾಗಿ ತೋರಿಸುವ ಫೋನ್ ಆಪ್‌ಗಳನ್ನೂ ಇಟ್ಟುಕೊಂಡಿದ್ದೇನೆ. ಸತ್ಯವೇದದ ಹೆಸರುಗಳು ಬಂದಾಗ ಎಡವುತ್ತವೆ, ಆದರೂ ಸುದ್ದಿ ತಿಳಿಯಲು ಸಾಕು.

ಹಾಡು ಮಾತ್ರ ಪೂರ್ತಿಯಾಗಿ ಮರಳಿ ಬಂದಿಲ್ಲ. ಗಾಯನ ತಂಡದಲ್ಲಿ ಇದ್ದವಳು ನಾನು. ಈಗ ಸ್ವರ ಎಲ್ಲಿದೆ ಅಂತ ನಂಬಿಕೆಯಿಂದ ಹೇಳಲಾರೆ. ಹಳೆಯ ಕೀರ್ತನೆಗಳು ಮನಸ್ಸಿನಲ್ಲೇ ಇರುವುದರಿಂದ ಹಾಡುತ್ತೇನೆ. ಹೊಸವು ಬಂದರೆ ಪುಸ್ತಕದಲ್ಲಿ ಪದಗಳನ್ನು ಓದುತ್ತ ನಿಲ್ಲುತ್ತೇನೆ. ಆ ದುಃಖ ಇದೆ. ಇಲ್ಲ ಅಂತ ಹೇಳುವುದಿಲ್ಲ.

ಎಲ್ಲಕ್ಕಿಂತ ಕಷ್ಟ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರದ ಗುಂಪು. ಹತ್ತು ಜನ ಒಟ್ಟಿಗೆ ಮಾತಾಡುವಲ್ಲಿ ಯಾವ ಮಷೀನೂ ಸಾಲದು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಕಿವುಡನೊಬ್ಬನನ್ನು ಯೇಸುವಿನ ಬಳಿ ಕರೆದುಕೊಂಡು ಬರುತ್ತಾರೆ. ಯೇಸು ಮೊದಲು ಮಾಡುವುದು ಅವನನ್ನು ಜನರ ಗುಂಪಿನಿಂದ ಬೇರೆಯಾಗಿ ಆಚೆಗೆ ಕರೆದುಕೊಂಡು ಹೋಗುವುದು. ಎಷ್ಟೋ ಸಲ ಓದಿದ್ದೆ, ಆ ಸಾಲಿನ ಹತ್ತಿರ ಒಂದು ದಿನವೂ ನಿಂತಿರಲಿಲ್ಲ. ಈಗ ನಿಲ್ಲುತ್ತೇನೆ.

ಲೂಪ್ ಬಂದ ವರ್ಷವೇ ಒಂದು ಭಾನುವಾರ ಗೆಳತಿಯ ತೋಳು ಹಿಡಿದು, "ಸ್ವಲ್ಪ ಒಳಗೆ ಬಾ" ಅಂತ ವೆಸ್ಟ್ರಿ ಕೋಣೆಗೆ ಕರೆದುಕೊಂಡು ಹೋದೆ. ಬಾಗಿಲು ಮುಚ್ಚಿದೆ. ಫ್ಯಾನ್ ಆರಿಸಿದೆ. ಎರಡು ಕುರ್ಚಿ ಎದುರುಬದುರು ಹಾಕಿದೆ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

"ಆವತ್ತು ನಿನ್ನ ತಮ್ಮನ ವಿಷಯ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಈಗ ಹೇಳ್ತೀಯಾ?" ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿಮಗೆ ಕೇಳಿಸಿಲ್ಲ ಅಂತ ನನಗೆ ಆವತ್ತೇ ಗೊತ್ತಾಯ್ತು ಅಕ್ಕಾ" ಅಂದಳು. ಆಮೇಲೆ ಶುರುಮಾಡಿದಳು. ಅವನಿಗೆ ಜ್ವರ ಬಂದದ್ದು, ಆಸ್ಪತ್ರೆಗೆ ಹೋಗುವಾಗಲೂ ಚಪ್ಪಲಿಯನ್ನು ನೇರವಾಗಿ ಜೋಡಿಸಿಟ್ಟು ಹೋದದ್ದು, ಕೆಲಸಕ್ಕೆ ಕರೆ ಬಂದರೆ ಫೋನ್ ಎತ್ತು ಅಂತ ಇವಳಿಗೆ ಹೇಳಿದ್ದು. ಕೊನೆಯ ರಾತ್ರಿ ಅವನು ಏನು ಕೇಳಿದ ಅಂತ ಹೇಳುವಾಗ ಅವಳ ದನಿ ಪೂರ್ತಿ ಇಳಿಯಿತು. ನಾನು ಅವಳ ತುಟಿ ನೋಡುತ್ತಿದ್ದೆ.

ಕೊನೆಯವರೆಗೂ ಕೇಳಿಸಿತು.